ಅಜಾಯಬ್‌ಖಾನೆಯಲ್ಲಿ ಕಾರೀಗರನ ಹೆಸರು

ಉರ್ದುವಿನಲ್ಲಿ ಮ್ಯೂಸಿಯಮ್ಮಿಗೆ ಅಜಾಯಬ್‌ಖಾನಾ ಎನ್ನುತ್ತಾರೆ. ಅಜಬ್ ಎಂದರೆ ಸೋಜಿಗ. ಸೋಜಿಗಗಳ ಮನೆ ಎಂದು ಅರ್ಥ. ಕನ್ನಡದಲ್ಲಿ ಅದು ವಸ್ತುಸಂಗ್ರಹಾಲಯ. ಇದರಲ್ಲಿ ಸೋಜಿಗವಿಲ್ಲ. ವಸ್ತುವಿದೆ, ಸಂಗ್ರಹವಿದೆ, ಉಗ್ರಾಣದ ಲೆಕ್ಕದ ಧ್ವನಿಯಿದೆ. ಅಲಿಫ್ ಬೇ ಒಂದು ಶಾಲೆಯಲ್ಲಿ, ಅ ಆ ಇ ಈ ಇನ್ನೊಂದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಎರಡೂ ಪದಗಳು ಸ್ವಂತದವೇ. ಆದರೆ ಎರಡರಲ್ಲೂ ಒಂದು ಕೊರತೆ ಇದೆ. ನೋಡುವವನ ಬೆರಗು ಒಂದರಲ್ಲಿದೆ, ಕೂಡಿಟ್ಟವನ ಜಾಣತನ ಇನ್ನೊಂದರಲ್ಲಿದೆ. ಮಾಡಿದವನು ಎಲ್ಲೂ ಇಲ್ಲ. ಬೆಂಗಳೂರಿನ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವನ್ನು ಕುರಿತು ಬರೆಯಹೊರಟಾಗ ಈ ಮಾತು ಮೊದಲು ನೆನಪಿಗೆ ಬರಲು ಕಾರಣವಿದೆ.

ಮೊದಲು ಸಂಸ್ಥೆಯ ಕಥೆ. ಇದರ ತಾಯಿಬೇರು ದಿಲ್ಲಿಯಲ್ಲಿದೆ. 1954ರ ಮಾರ್ಚ್‌ನಲ್ಲಿ, ಜೈಪುರದ ಮಹಾರಾಜರಿಗಾಗಿ ಕಟ್ಟಿದ್ದ ಜೈಪುರ ಹೌಸಿನಲ್ಲಿ ಅದು ಬಾಗಿಲು ತೆರೆಯಿತು. ಉದ್ಘಾಟಿಸಿದವರು ಆಗಿನ ಉಪರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದವರು ಎಂಬ ಕಾರಣಕ್ಕೆ ನಮ್ಮ ಜಿಲ್ಲೆಯವರು ಅವರನ್ನು ಇಂದಿಗೂ ತಮ್ಮವರೆನ್ನುತ್ತಾರೆ. ಮೊದಲ ಕ್ಯುರೇಟರ್ ಹರ್ಮನ್ ಗೋಟ್ಸ್ ಜರ್ಮನಿಯ ಕಲಾ ಇತಿಹಾಸಕಾರರು. ಅದಕ್ಕೂ ಮೊದಲು ಬರೋಡದ ಮ್ಯೂಸಿಯಮ್ಮನ್ನು ನೋಡಿಕೊಂಡಿದ್ದರು. ಸಂಸ್ಥೆಯ ಮುಂಬೈ ಶಾಖೆ 1996ರಲ್ಲಿ ಕಾವಸ್‌ಜಿ ಜಹಾಂಗೀರ್ ಹಾಲಿನಲ್ಲಿ ಆರಂಭವಾಯಿತು. ಬೆಂಗಳೂರಿನ ಸರದಿ ಬಂದದ್ದು 2009ರ ಫೆಬ್ರವರಿ 18ರಂದು, ಮಾಣಿಕ್ಯವೇಲು ಮೊದಲಿಯಾರರ ಹಳೆಯ ಬಂಗಲೆಯಲ್ಲಿ. ಮೂರೂವರೆ ಎಕರೆಯಷ್ಟು ಜಾಗ. ಬಂಗಲೆ 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆಗೆ ಗುತ್ತಿಗೆಗೆ ಸಿಕ್ಕಿ, ದುರಸ್ತಿಯಾಗಿ, ಪಕ್ಕಕ್ಕೆ ಹೊಸ ಕಟ್ಟಡ ಸೇರಿಕೊಂಡು ಗ್ಯಾಲರಿಯಾಗುವ ಹೊತ್ತಿಗೆ ಒಂಬತ್ತು ವರ್ಷ ಕಳೆದಿತ್ತು. ಸರ್ಕಾರಿ ಕೆಲಸಕ್ಕೆ ಇದೇನೂ ಹೆಚ್ಚಲ್ಲ ಎನ್ನಿ.

ತಲಕಾಡಿನ ಬಗಲಿನ ಹೆಮ್ಮಿಗೆಯ ಕಡೆಯವರಿಗೆ ಅಲ್ಲಿಗೆ ಹೋಗಿಬರಲು ಒಂದು ಇಡೀ ದಿನ ಬೇಕು. ಸೋಮವಾರ ಹೋದರೆ ಆ ದಿನವೂ ದಂಡ, ಅಂದು ರಜೆ. ಆದರೂ ಹೋಗಬೇಕಾದ ಜಾಗ. ಅಮೃತಾ ಶೇರ್‌ಗಿಲ್ 1941ರಲ್ಲಿ, 28ರ ಪ್ರಾಯದಲ್ಲಿ ತೀರಿಕೊಂಡವರು. ಅವರ ನೂರಕ್ಕೂ ಹೆಚ್ಚು ಕೃತಿಗಳು ಈ ಸಂಸ್ಥೆಯ ಪಾಲಿಗೆ ಬಂದಿವೆ. ರವಿವರ್ಮ, ಠಾಕೂರರ ಮನೆತನದವರು, ನಂದಲಾಲ್ ಬೋಸ್, ಜಾಮಿನಿ ರಾಯ್, ರಾಮಕಿಂಕರ ಬೈಜ್, ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಹೀಗೆ ಪಟ್ಟಿ ಉದ್ದವಾಗುತ್ತದೆ. ಒಟ್ಟು ಸಂಗ್ರಹ 17 ಸಾವಿರಕ್ಕೂ ಹೆಚ್ಚು ಎಂದು ಸಂಸ್ಥೆ ಹೇಳಿಕೊಳ್ಳುತ್ತದೆ. ಬೆಂಗಳೂರಿನ ಗೋಡೆಗಳಿಗೆ ಮೊದಲು ಏರಿದ್ದೆಲ್ಲ ದಿಲ್ಲಿಯ ಆ ದಾಸ್ತಾನಿನಿಂದ ಬಂದದ್ದು. ಅಂದರೆ ದಕ್ಷಿಣದ ಶಾಖೆ ದಕ್ಷಿಣದ ಮಣ್ಣಿನಿಂದ ಎದ್ದದ್ದಲ್ಲ, ಮೇಲಿನಿಂದ ಇಳಿದದ್ದು. ಇದನ್ನು ದೂರು ಎಂದು ಹೇಳುತ್ತಿಲ್ಲ. ರಾಷ್ಟ್ರ ಎಂದ ಮೇಲೆ ಯಾವುದೋ ಒಂದು ಕಡೆಯಿಂದ ಶುರುವಾಗಲೇಬೇಕು. ನಮ್ಮ ತಕರಾರು ಬೇರೆ.

ಈ ಸಂಗ್ರಹ ಸರಿಸುಮಾರು 1850ರ ಆಸುಪಾಸಿನಿಂದ ತನ್ನ ಕಥೆ ಹೇಳುತ್ತದೆ. ಆಧುನಿಕ ಎಂಬ ಮಾತಿಗೆ ಒಂದು ಆರಂಭ ಬೇಕಲ್ಲ. 1850ರಲ್ಲೇ ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಒಂದು ಕಲಾಶಾಲೆ ತೆರೆದ. ಮರುವರ್ಷ ಅದರ ಪಕ್ಕದಲ್ಲಿ ಕೈಗಾರಿಕೆಯ ಶಾಲೆ ಬಂತು. ಒಂದೇ ಅಂಗಳದಲ್ಲಿ ಎರಡು ಬಾಗಿಲು ಎದ್ದದ್ದು ಹಾಗೆ: ಒಂದು ಕಲೆಗೆ, ಇನ್ನೊಂದು ಕಸುಬಿಗೆ. ಆ ಮೊದಲು ನಮ್ಮಲ್ಲಿ ಇಂಥ ಗೋಡೆ ಇತ್ತೆ? ಮೇಲುಕೀಳು ಧಾರಾಳವಾಗಿತ್ತು, ಜಾತಿಯ ಹೆಸರಿನಲ್ಲಿ ಕೈಗಳನ್ನು ಸಾಲಾಗಿ ನಿಲ್ಲಿಸುವುದನ್ನು ನಮಗೆ ಇಂಗ್ಲಿಷರು ಕಲಿಸಬೇಕಾಗಿರಲಿಲ್ಲ. ಆದರೆ ಚಿತ್ರ ಬರೆಯುವವನು ಕಲಾವಿದ, ಬಾಗಿಲು ಕೆತ್ತುವವನು ಕಸುಬುದಾರ ಎಂಬ ಭೇದ ಇಷ್ಟು ಗಟ್ಟಿಯಾಗಿರಲಿಲ್ಲ. ಉರ್ದುವಿನಲ್ಲಿ ಹುನರ್ ಎಂಬ ಪದವಿದೆ. ಅದು ಕವಿಯ ಕೈಗೂ ಒಪ್ಪುತ್ತದೆ, ಕಮ್ಮಾರನ ಕೈಗೂ ಒಪ್ಪುತ್ತದೆ. ಕನ್ನಡದ ಕುಸುರಿ, ಕಸುಬು, ಕೈಚಳಕ ಇವೂ ಹಾಗೆಯೇ ಅತ್ತಿತ್ತ ಓಡಾಡಿಕೊಂಡಿದ್ದ ಪದಗಳು. ಮ್ಯೂಸಿಯಂ ಬಂದ ಮೇಲೆ ಅವನ್ನು ಹಿಡಿದು ಎರಡು ದೊಡ್ಡಿಗಳಲ್ಲಿ ಕಟ್ಟಿದರು.

ಈ ದೊಡ್ಡಿಗಳು ಇವತ್ತು ಎರಡು ಸಚಿವಾಲಯಗಳಾಗಿವೆ ಎಂದರೆ ಓದುಗರು ನಗಬಾರದು. ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಸಂಸ್ಕೃತಿ ಸಚಿವಾಲಯದ ಅಧೀನದಲ್ಲಿದೆ. ದಿಲ್ಲಿಯ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯ ಜವಳಿ ಸಚಿವಾಲಯದ ಅಧೀನದಲ್ಲಿದೆ. ಬಣ್ಣ ಬಳಿದವನ ಕಡತ ಸಂಸ್ಕೃತಿಗೆ ಹೋಗುತ್ತದೆ, ಮರ ಕುಯ್ದವನ ಕಡತ ಜವಳಿಗೆ ಹೋಗುತ್ತದೆ. ಮರಕ್ಕೂ ಜವಳಿಗೂ ಏನು ನಂಟು ಎಂದು ಕೇಳಿದರೆ ಯಾರಲ್ಲೂ ಉತ್ತರವಿರಲಾರದು. ಫಲಿತಾಂಶ ಮಾತ್ರ ಸ್ಪಷ್ಟ. ಕಲಾ ಗ್ಯಾಲರಿಯಲ್ಲಿ ಕೃತಿಯ ಪಕ್ಕದ ಚೀಟಿಯ ಮೇಲೆ ಹೆಸರಿದೆ, ಬೆಲೆಯಿಲ್ಲ. ಕರಕುಶಲ ಮಳಿಗೆಯಲ್ಲಿ ವಸ್ತುವಿಗೆ ಕಟ್ಟಿದ ಚೀಟಿಯ ಮೇಲೆ ಬೆಲೆಯಿದೆ, ಹೆಸರಿಲ್ಲ.

ಗ್ಯಾಲರಿಯವರು ಇದಕ್ಕೊಂದು ಉತ್ತರ ಕೊಡಬಹುದು: ನಮ್ಮದು ಆಧುನಿಕ ಕಲೆಯ ಸಂಸ್ಥೆ, ಎಲ್ಲವನ್ನೂ ನಾವೇ ಹೊರಲಾಗದು. ಒಪ್ಪತಕ್ಕ ಮಾತೇ, ಅವರ ಸಂಗ್ರಹವೇ ಅದನ್ನು ಸುಳ್ಳುಮಾಡದಿದ್ದರೆ. ಕಲ್ಕತ್ತೆಯ ಕಾಳಿ ಗುಡಿಯ ಬೀದಿಯಲ್ಲಿ ಯಾತ್ರಿಕರಿಗೆ ಪುಡಿಗಾಸಿಗೆ ಮಾರುತ್ತಿದ್ದ ಕಾಳಿಘಾಟ್ ಪಟಗಳು ಈ ಸಂಗ್ರಹದಲ್ಲಿವೆ. ಕಂಪನಿ ಸಾಹೇಬರ ಅಪ್ಪಣೆಯಂತೆ ದರ್ಜಿ, ಭಿಸ್ತಿ, ಬೆಸ್ತ ಎಂದು ಒಂದೊಂದಾಗಿ ಬರೆದುಕೊಟ್ಟ ಚಿತ್ರಗಾರರ ಹಾಳೆಗಳಿವೆ. ತಂಜಾವೂರಿನ ಚಿತ್ರಗಳಿವೆ. ಇವರೆಲ್ಲ ಪೇಟೆಯ ಕಸುಬುದಾರರೇ. ಇವರನ್ನು ಒಳಗೆ ಬಿಟ್ಟುಕೊಂಡಿದ್ದಾರೆ, ಆದರೆ ಆಳುಗಳನ್ನು ಬಿಟ್ಟುಕೊಳ್ಳುವ ಹಾಗೆ, ಹೆಸರು ಕೇಳದೆ. ಊರಿನ ಹೆಸರು, ಶೈಲಿಯ ಹೆಸರು, ಅಷ್ಟೇ. ಹೆಸರಿನ ಸೌಭಾಗ್ಯ ಶುರುವಾಗುವುದು ರವಿವರ್ಮನಿಂದ.

ಹೆಸರಿಗೆ ಎಷ್ಟು ಬಲವಿದೆ ಎಂಬುದನ್ನು ತಿಳಿಯಲು ಬೆಂಗಳೂರಿಗೇ ಹೋಗಬೇಕಿಲ್ಲ. ನಮ್ಮ ಮೈಸೂರಿನ ಜಗನ್ಮೋಹನ ಅರಮನೆ ಸಾಕು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು, 1915ರಿಂದ ಕಲಾಶಾಲೆಯಾಗಿದೆ. ಐರಿಷ್ ಕವಿ ಜೇಮ್ಸ್ ಕಸಿನ್ಸ್ 1920ರ ದಶಕದಲ್ಲಿ ಬಂಗಾಳದ ಹೊಸ ಚಿತ್ರಗಳನ್ನು ಇಲ್ಲಿಗೆ ತರಿಸಲು ಓಡಾಡಿದರು. ದಿಲ್ಲಿಯಲ್ಲಿ ರಾಷ್ಟ್ರೀಯ ಸಂಸ್ಥೆ ಹುಟ್ಟುವುದಕ್ಕೆ ಮೂರು ದಶಕ ಮೊದಲೇ ಈ ಊರಿನ ಜನ ಸಮಕಾಲೀನ ಭಾರತೀಯ ಚಿತ್ರವನ್ನು ಕಣ್ಣಾರೆ ನೋಡುತ್ತಿದ್ದರು ಎಂಬುದನ್ನು ಬೆಂಗಳೂರಿನವರು ನೆನಪಿಟ್ಟುಕೊಂಡರೆ ಒಳ್ಳೆಯದು. ಈಗ ಅಲ್ಲಿಗೆ ಬರುವ ಜನರಲ್ಲಿ ಬಹುಪಾಲು ಕೇಳುವುದು ಒಂದೇ ಚಿತ್ರವನ್ನು. ಕತ್ತಲು ಮಾಡಿದ ಕೋಣೆ, ಸೀರೆಯುಟ್ಟ ಹೆಣ್ಣುಮಗಳು, ಕೈಯಲ್ಲಿ ದೀಪ, ಅಡ್ಡ ಹಿಡಿದ ಅಂಗೈಯ ಬೆರಳುಗಳ ನಡುವೆ ಕೆಂಪಗೆ ಸೋರುವ ಬೆಳಕು. ನೋಡಿದವರು "ರವಿವರ್ಮನ ದೀಪದ ಹುಡುಗಿ" ಎನ್ನುತ್ತಾ ಹೊರಗೆ ಬರುತ್ತಾರೆ. ಚಿತ್ರ ರವಿವರ್ಮನದಲ್ಲ. ರವಿವರ್ಮ 1906ರಲ್ಲೇ ತೀರಿಕೊಂಡಿದ್ದ. ಇದು 1940ರ ದಶಕದ್ದು, ಸಾವಂತವಾಡಿಯ ಎಸ್.ಎಲ್. ಹಲ್ದಣಕರ್ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು, ಅದೂ ತೈಲವರ್ಣವಲ್ಲ, ಜಲವರ್ಣ. ನೀರುಬಣ್ಣದಲ್ಲಿ ಆ ಕತ್ತಲೆ ತರುವುದು ಎಂಥ ಕಷ್ಟ ಎಂದು ಕುಂಚ ಹಿಡಿದವರು ಬಲ್ಲರು. ದೊಡ್ಡ ಹೆಸರು ಸಣ್ಣ ಹೆಸರನ್ನು ಹೀಗೆ ನುಂಗುತ್ತದೆ. ಹಲ್ದಣಕರರ ಹೆಸರು ಚೀಟಿಯ ಮೇಲಾದರೂ ಇದೆ. ಓದುವ ಮನಸ್ಸಿದ್ದವರು ಓದಬಹುದು. ಚೀಟಿಯೇ ಇಲ್ಲದವರ ಗತಿ?

ಈ ಗತಿ ಏನೆಂದು ಕೆ. ವೆಂಕಟಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. 1886ರಲ್ಲಿ ಮೈಸೂರಿನ ಆಸ್ಥಾನ ಚಿತ್ರಗಾರರ ವಂಶದಲ್ಲಿ ಹುಟ್ಟಿದವರು. ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಹಿಂತಿರುಗಿದ ಮೇಲೆ ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಮದುವೆಯಾಗಲಿಲ್ಲ. ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡಿಕೊಟ್ಟರು. ಅದರ ಸಂಭಾವನೆಯ ಮಾತು ಕೋರ್ಟು ಕಚೇರಿಯವರೆಗೂ ಹೋಯಿತು. ಹಣದ ಜಗಳ ಎಂದು ಅದನ್ನು ತಳ್ಳಿಹಾಕಬಹುದು. ನಮಗೆ ಹಾಗೆ ಕಾಣುವುದಿಲ್ಲ. ಅಜ್ಜ ಅಪ್ಪಂದಿರು ಅರಮನೆಯ ಊಳಿಗದ ಚಿತ್ರಗಾರರು. ಮಗ ಅದೇ ಅರಮನೆಯ ಮುಂದೆ ನಿಂತು ತನ್ನ ಕೆಲಸದ ಬೆಲೆ ತಾನೇ ಹೇಳುತ್ತೇನೆ ಎನ್ನುತ್ತಾನೆ. ಮೈಸೂರಿನಲ್ಲಿ ಕಸುಬುದಾರ ಎಂಬ ಸಾಲಿನಿಂದ ಕಲಾವಿದ ಎಂಬ ಸಾಲಿಗೆ ಒಬ್ಬ ಮನುಷ್ಯ ದಾಟಿದ ಕ್ಷಣ ಅದು. ದಾಟಿದ್ದಕ್ಕೆ ಕುರುಹಾಗಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ನಿಂತಿದೆ. ಅವರ ಹಿಂದೆ ಆ ಗೆರೆ ಮತ್ತೆ ಮುಚ್ಚಿಕೊಂಡಿತು.

ಅದನ್ನು ಮುಚ್ಚದೇ ಇಡಬಹುದಾಗಿದ್ದ ಜಾಗವೂ ಮೈಸೂರಿನಲ್ಲೇ ಇತ್ತು. ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ಚಿತ್ರವನ್ನೂ ಕಲಿಸುತ್ತಿದ್ದರು, ದಂತದ ಕೆತ್ತನೆಯನ್ನೂ ಬೀಟೆಮರದ ಇನ್‌ಲೇ ಕೆಲಸವನ್ನೂ ಕಲಿಸುತ್ತಿದ್ದರು. ಒಂದೇ ಸೂರು, ಒಂದೇ ಗಂಟೆ. 1980ರ ದಶಕದಲ್ಲಿ ಅದೇ ಆವರಣದಲ್ಲಿ ದೃಶ್ಯಕಲೆಗಳ ಅಕಾಡೆಮಿ ಬಂತು. ಒಳ್ಳೆಯ ಕಲಾವಿದರು ಅಲ್ಲಿಂದ ಬಂದಿದ್ದಾರೆ, ಇಲ್ಲವೆನ್ನಲಾಗದು. ಆದರೆ ಗಂಟೆ ಒಂದೇ ಆಗಿದ್ದ ಕಾಲ ಮುಗಿಯಿತು.

ಇನ್ನು ಇನ್‌ಲೇ ಕೆಲಸದ ಮಾತು. ಮೈಸೂರಿನ ಮಂಡಿ ಮೊಹಲ್ಲಾ ಮತ್ತು ಅದರ ಸುತ್ತಿನ ಗಲ್ಲಿಗಳಲ್ಲಿ ತಲೆಮಾರುಗಳಿಂದ ಈ ಕಸುಬು ನಡೆದಿದೆ. ಮಾಡುವವರಲ್ಲಿ ಮುಸ್ಲಿಮರು ಬಹಳ. ಪರ್ಷಿಯಾದಿಂದ ಬಂದ ವಿದ್ಯೆ ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲಿದೆ. ಎಲ್ಲಿಂದಲಾದರೂ ಬಂದಿರಲಿ, ಮರ ಈ ಕಾಡಿನದು. ಕೆಲಸ ಹೀಗೆ: ಚಿತ್ರವನ್ನು ಕಾಗದದ ಮೇಲೆ ಬರೆದು ತುಂಡು ತುಂಡಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನು ಅದಕ್ಕೊಪ್ಪುವ ಬಣ್ಣದ ತೆಳು ಮರದ ಹಾಳೆಗೆ ಅಂಟಿಸಿ, ಕೂದಲಿನಂಥ ಗರಗಸದಲ್ಲಿ ಕುಯ್ಯುತ್ತಾರೆ. ಹಲಸಿನ ಮರದಿಂದ ಹಳದಿ, ತೇಗದಿಂದ ಕಂದು, ಇನ್ನಾವುದೋ ಮರದಿಂದ ಕೆಂಪು. ಬಣ್ಣ ಬಳಿಯುವುದಿಲ್ಲ, ಮರ ಹುಟ್ಟಿನಿಂದ ಪಡೆದ ಬಣ್ಣವೇ ಬಣ್ಣ, ಅದರ ಎಳೆಯೇ ನೆರಳು. ಆನೆಯ ಬೆನ್ನಿನ ಸುಕ್ಕಿಗೆ ಯಾವ ಗಂಟಿನ ಎಳೆ ಹೊಂದುತ್ತದೆ ಎಂದು ಹುಡುಕುತ್ತಾ ಅರ್ಧ ದಿನ ಕೂರುವುದುಂಟು. ಆಮೇಲೆ ಬೀಟೆಯ ಹಲಗೆಯಲ್ಲಿ ಅಷ್ಟೇ ಆಳದ ಗುಳಿ ತೋಡಿ, ತುಂಡುಗಳನ್ನು ಕೂರಿಸಿ, ಸಂದು ತುಂಬಿ, ಮರಳುಕಾಗದ ಹಾಕಿ ಉಜ್ಜಿ, ಮೆರುಗು ಕೊಡುತ್ತಾರೆ. ಹಿಂದೆ ಬಿಳುಪಿಗೆ ದಂತ ಬಳಸುತ್ತಿದ್ದರು. 1980ರ ದಶಕದಲ್ಲಿ ದಂತದ ವ್ಯಾಪಾರದ ಮೇಲೆ ಕಾನೂನು ಬಿಗಿಯಾದಾಗ ಅದು ನಿಂತಿತು. ಆನೆಗಳ ದೃಷ್ಟಿಯಿಂದ ಆದದ್ದು ಒಳ್ಳೆಯದೇ. ಕಾರೀಗರ ಬಿಳಿಯ ಮರ ಹುಡುಕಿಕೊಂಡ.

ಬಣ್ಣವೇ ಇಲ್ಲದೆ ಚಿತ್ರ ಬರೆಯುವ ಈ ಕೆಲಸವನ್ನು ಚಿತ್ರಕಲೆ ಅಲ್ಲ ಎನ್ನಲು ಯಾವ ಅಳತೆಗೋಲು ಇದೆಯೋ ನಮಗೆ ತಿಳಿಯದು. ಒಂದು ಆಕ್ಷೇಪವನ್ನು ಮಾತ್ರ ಗೌರವದಿಂದ ಕೇಳಬೇಕು. ಈ ಕೆಲಸದಲ್ಲಿ ನಕಲು ಬಹಳ. ಅದೇ ಆನೆ, ಅದೇ ದಸರಾ ಮೆರವಣಿಗೆ, ಅದೇ ಗೀತೋಪದೇಶ. ನಿಜ. ಪ್ರವಾಸಿಗರ ಪೇಟೆ ಕೇಳುವುದನ್ನೇ ಪೇಟೆಯ ಕೈ ಕೊಡುತ್ತದೆ. ಸಾವಿರ ಹಲಗೆಗಳಲ್ಲಿ ಒಂಬೈನೂರು ಬೇಸರ ತರಿಸುತ್ತವೆ ಎಂದೇ ಇಟ್ಟುಕೊಳ್ಳೋಣ. ಕ್ಯಾನ್ವಾಸಿನ ಲೆಕ್ಕ ಇದಕ್ಕಿಂತ ಒಳ್ಳೆಯದಿದೆಯೆ? ಗ್ಯಾಲರಿ ಎಂಬುದು ಇರುವುದೇ ಉಳಿದ ನೂರನ್ನು ಹುಡುಕುವುದಕ್ಕೆ. ಮೊದಲು ಹುಡುಕಬೇಕೆನ್ನಿಸಬೇಕು, ಅಷ್ಟೇ.

ಇನ್ನೊಂದು ಮಾತು ಇಲ್ಲಿ ಹೇಳದೆ ದಾಟಲಾಗದು. ಮುಸ್ಲಿಮರಿಗೂ ಚಿತ್ರಕ್ಕೂ ಆಗದು ಎಂಬ ತಿಳಿವಳಿಕೆ ಹೊರಗೂ ಇದೆ, ಒಳಗೂ ಇದೆ. ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲೆ ಆಯತ್ತಿನ ಚೌಕಟ್ಟು ಬಿಟ್ಟರೆ ಬೇರೆ ಚಿತ್ರವಿಲ್ಲ ಎಂಬುದು ಸುಳ್ಳಲ್ಲ. ಅದೇ ಮನೆಯ ಯಜಮಾನ ಹಗಲು ಹೊತ್ತು ಮಂಡಿ ಮೊಹಲ್ಲಾದ ಕಾರ್ಖಾನೆಯಲ್ಲಿ ಕೂತು ಅರ್ಜುನನ ರಥದ ನಾಲ್ಕು ಕುದುರೆಗಳಿಗೆ ನಾಲ್ಕು ಬಗೆಯ ಬಿಳುಪು ಹುಡುಕುತ್ತಿರುತ್ತಾನೆ. ಇದರಲ್ಲಿ ಅವನಿಗೆ ವಿರೋಧ ಕಂಡಿಲ್ಲ. ಕೊಳ್ಳುವವರಿಗೂ ಕಂಡಿರಲಿಲ್ಲ, ಬಹಳ ಕಾಲ. ಈ ವಿಷಯದಲ್ಲಿ ಮೌಲಾನಾಗಳೂ ಕಲಾ ವಿಮರ್ಶಕರೂ ಅವನನ್ನು ಕೇಳದೇ ಮಾತಾಡಿದ್ದಾರೆ.

ಹೆಸರು ಹೇಗೆ ಅಳಿಯುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣದಲ್ಲಿ ಎರಡು ಸಾಕ್ಷಿಗಳಿವೆ. ಗುಂಬಜಿನಲ್ಲಿ ದಂತ ಕೂಡಿಸಿದ ಕಪ್ಪು ಬಾಗಿಲುಗಳು. ಕೊಟ್ಟವರು ಲಾರ್ಡ್ ಡಾಲ್‌ಹೌಸಿ ಎಂದು ಎಲ್ಲರೂ ಹೇಳುತ್ತಾರೆ. ಮಾಡಿದವರನ್ನು ಯಾರೂ ಹೇಳುವುದಿಲ್ಲ. ಎರಡನೆಯದು 1784ರ ದರಿಯಾ ದೌಲತ್. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ: ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ, ಟಿಪ್ಪು ಹೂವು ಮೂಸುತ್ತಿದ್ದಾನೆ. ಈ ಚಿತ್ರ ಒಮ್ಮೆ ಹಾಳಾಗಿ, ವೆಲ್ಲೆಸ್ಲಿ ಅಲ್ಲಿ ಬೀಡುಬಿಟ್ಟಾಗ ದುರಸ್ತಿಯಾಗಿ, ಮತ್ತೆ ಸುಣ್ಣದಡಿ ಮಸುಕಾಗಿ, ಡಾಲ್‌ಹೌಸಿಯ ಅಪ್ಪಣೆಯ ಮೇಲೆ ಮರಳಿ ಎದ್ದಿತು. ಎಬ್ಬಿಸಿದವನು ಮೂಲಚಿತ್ರವನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಒಬ್ಬ ದೇಶೀ ಚಿತ್ರಗಾರ ಎಂದು ದಾಖಲೆ ಹೇಳುತ್ತದೆ. ಅರ್ಧ ಶತಮಾನ ಒಂದು ಗೋಡೆಯನ್ನು ತಲೆಯಲ್ಲಿ ಹೊತ್ತು ತಿರುಗಿದ ಆ ಮನುಷ್ಯನ ಮೇಲೆ ಕಥೆ ಬರೆಯಬೇಕೆಂದು ನಾವು ಹಲವು ಸಲ ಕೂತದ್ದುಂಟು. ಹಿಂದೂವೋ ಮುಸಲ್ಮಾನನೋ, ಅದೂ ಗೊತ್ತಿಲ್ಲ. ಅಪ್ಪಣೆ ಕೊಟ್ಟವನ ಹೆಸರು ಮಾತ್ರ ಎರಡೂ ಕಡೆ ಉಳಿದಿದೆ.

ಕಾರೀಗರನ ಸಾಲಿನಿಂದ ಎದ್ದು ಬಂದು ರಾಷ್ಟ್ರದ ಗ್ಯಾಲರಿಯಲ್ಲಿ ಹೆಸರು ಬರೆಸಿಕೊಂಡವರಲ್ಲಿ ಮಕ್ಬೂಲ್ ಫಿದಾ ಹುಸೇನ್ ದೊಡ್ಡವರು. ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದ ಕೈ ಅದು. 1955ರಲ್ಲಿ ಅವರ 'ಜಮೀನ್' ಲಲಿತಕಲಾ ಅಕಾಡೆಮಿಯ ಮೊದಲ ರಾಷ್ಟ್ರೀಯ ಪ್ರದರ್ಶನದಲ್ಲಿ ಬಹುಮಾನ ಪಡೆದು ದಿಲ್ಲಿಯ ಈ ಸಂಗ್ರಹಕ್ಕೆ ಸೇರಿತು. ಅವರು 2006ರಲ್ಲಿ ದೇಶ ಬಿಟ್ಟರು, 2010ರಲ್ಲಿ ಕತಾರಿನ ಪೌರರಾದರು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. 'ಜಮೀನ್' ಎಂಬ ಚಿತ್ರ ಇಲ್ಲಿ, ಬರೆದವನಿಗೆ ಮಣ್ಣು ಅಲ್ಲಿ. ಈ ವಿಷಯದ ಮೇಲೆ ಸಾಕಷ್ಟು ಬರೆದಾಗಿದೆ, ಹೆಚ್ಚು ಎಳೆಯುವುದಿಲ್ಲ.

ಹೆಸರು ಬರೆಯುವುದು ಪಶ್ಚಿಮದ ಚಟ, ನಮ್ಮ ಪರಂಪರೆಯಲ್ಲಿ ಕಲಾವಿದ ತನ್ನನ್ನು ತಾನು ಅಳಿಸಿಕೊಳ್ಳುತ್ತಾನೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಹಾಗೆನ್ನುವವರು ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಒಮ್ಮೆ ಬರಬೇಕು. ಸೋಮನಾಥಪುರದ ಕೇಶವ ದೇವಾಲಯ 1258ರದು. ಸೋಮನಾಥ ದಂಡನಾಯಕ ಕಟ್ಟಿಸಿದ. ದಾನದತ್ತಿಗಳ ಲೆಕ್ಕವೆಲ್ಲ ಶಾಸನದಲ್ಲಿದೆ. ಆದರೆ ಹೊರಗೋಡೆಯ ಮೂರ್ತಿಗಳ ಪೀಠ ನೋಡಿ. ಮಲ್ಲಿತಮ್ಮ ಎಂದು ಕೊರೆದಿದೆ. ಇನ್ನೊಂದರ ಕೆಳಗೆ ಮತ್ತೆ ಮಲ್ಲಿತಮ್ಮ. ಮಸಣಿತಮ್ಮ, ಚೌಡೆಯ, ನಂಜಯ ಇವರೂ ಇದ್ದಾರೆ. ಅದೇ ಮಲ್ಲಿತಮ್ಮ ನುಗ್ಗೇಹಳ್ಳಿಯಲ್ಲೂ ಹೆಸರು ಬಿಟ್ಟಿದ್ದಾನೆ. ದೇವರ ಪಾದದ ಕೆಳಗೆ ತನ್ನ ಹೆಸರು ಬರೆದುಕೊಳ್ಳಲು ಏಳೂವರೆ ಶತಮಾನದ ಹಿಂದಿನ ಕಲ್ಲುಕುಟಿಗನಿಗೆ ಯಾವ ಸಂಕೋಚವೂ ಆಗಲಿಲ್ಲ, ದಂಡನಾಯಕನೂ ಬೇಡವೆನ್ನಲಿಲ್ಲ. 2023ರಲ್ಲಿ ಯುನೆಸ್ಕೊ ಈ ಗುಡಿಯನ್ನು ಬೇಲೂರು ಹಳೇಬೀಡುಗಳೊಂದಿಗೆ ವಿಶ್ವಪರಂಪರೆಗೆ ಸೇರಿಸಿತು. ಫೋಟೊ ತೆಗೆಯುವವರು ಹೆಚ್ಚಾಗಿದ್ದಾರೆ. ಪೀಠದ ಕೆಳಗೆ ಬಗ್ಗಿ ಓದುವವರು ಕಡಿಮೆ.

ಮೈಸೂರಿನ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಅದರಿಂದ ಊರಿನ ಹೆಸರಿಗೆ ರಕ್ಷಣೆ ಬಂತು. ಕೈಯ ಹೆಸರಿಗೆ ಬೇಕಾದದ್ದು ಬೇರೆ, ಅದು ದುಬಾರಿಯೂ ಅಲ್ಲ. ಬೆಂಗಳೂರಿನ ಸಂಗ್ರಹಾಲಯ ಆಗಾಗ ಪ್ರದರ್ಶನಗಳನ್ನು ಏರ್ಪಡಿಸುತ್ತಲೇ ಇರುತ್ತದೆ. ಅವುಗಳಲ್ಲಿ ಒಂದು ಕೋಣೆ, ಒಂದು ತಿಂಗಳು, ಇಪ್ಪತ್ತು ಹಲಗೆ. ಒಂದೊಂದರ ಪಕ್ಕದಲ್ಲೂ ಮರ ಕುಯ್ದವನ ಹೆಸರು, ಗುಳಿ ತೋಡಿದವನ ಹೆಸರು, ಮೆರುಗು ಕೊಟ್ಟವನ ಹೆಸರು. ಮೂವರಿದ್ದರೆ ಮೂವರದು, ಸಿನಿಮಾದ ಕೊನೆಯಲ್ಲಿ ಲೈಟ್‌ಬಾಯ್ ಹೆಸರೂ ಬರುತ್ತದಲ್ಲ. ಆ ಇಪ್ಪತ್ತರಲ್ಲಿ ಐದನ್ನಾದರೂ ಕೊಂಡು ಸಂಗ್ರಹಕ್ಕೆ ಸೇರಿಸಿ, ಚೀಟಿಯ ಮೇಲೆ ಸಂಖ್ಯೆ ಹಾಕಲಿ. ಜಗನ್ಮೋಹನದ ಟ್ರಸ್ಟಿನವರೂ ಇದನ್ನು ಮಾಡಬಹುದು, ಅವರಿಗೆ ದಾರಿ ಇನ್ನೂ ಹತ್ತಿರ.

ತಡಮಾಡುವಂತಿಲ್ಲ. ಕಾರ್ಖಾನೆಗಳ ಹುಡುಗರು ಮೊಬೈಲ್ ಅಂಗಡಿ, ಆಟೊ, ಗಲ್ಫ್ ಎಂದು ಚದುರಿದ್ದಾರೆ. ಹಳಬರು ಹಲಗೆಯ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಉರ್ದು ಅಕ್ಷರವೊಂದನ್ನು ಗುರುತಿಗಾಗಿ ಬರೆಯುವುದನ್ನು ನಾವು ನೋಡಿದ್ದೇವೆ: ಕೂಲಿ ಲೆಕ್ಕಕ್ಕೆ, ಯಾರ ಹಲಗೆ ಯಾವುದು ಎಂದು ತಿಳಿಯಲು. ಕೊನೆಗೆ ಹಿಂಬದಿಗೆ ಪ್ಲೈವುಡ್ ಹೊಡೆದಾಗ ಅದು ಮುಚ್ಚಿಹೋಗುತ್ತದೆ. ಯಾವ ಅಕ್ಷರ ಯಾರದು ಎಂದು ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ. ಬರೆದುಕೊಳ್ಳಲು ಹೋಗುವವರು ಶುಕ್ರವಾರ ಬಿಟ್ಟು ಉಳಿದ ದಿನ, ಜೊಹರ್ ನಮಾಜು ಮುಗಿದ ಮೇಲೆ ಹೋಗುವುದು ಒಳ್ಳೆಯದು. ಚಹಾ ಬರುವ ಹೊತ್ತು ಅದು, ಗರಗಸಗಳು ನಿಂತಿರುತ್ತವೆ.